ಅಂಕ 5.5, ನಿಲ್ಲುವ ಸರ್ವರ್‌ಗಳು ಎಷ್ಟು?

2025ರ ಮೇ 20ರಂದು ಬ್ರಾಡ್‌ಕಾಮ್ ಕಂಪನಿಯು, ಒಂದೇ ಸರ್ವರನ್ನು ಹಲವು ಸರ್ವರ್‌ಗಳಂತೆ ಬಳಸಲು ನೆರವಾಗುವ ತನ್ನ ವಿಎಂವೇರ್ ಉತ್ಪನ್ನಗಳಲ್ಲಿದ್ದ ನಾಲ್ಕು ಭದ್ರತಾ ದೋಷಗಳ ಬಗ್ಗೆ ಪ್ರಕಟಣೆ ಹೊರಡಿಸಿತು. ವಿಎಂಎಸ್‌ಎ-2025-0010 ಎಂಬ ಸಂಖ್ಯೆಯ ಆ ಪ್ರಕಟಣೆಯಲ್ಲಿ ಎರಡು ದೋಷಗಳು ‘ಸೇವಾ ನಿರಾಕರಣೆ’ ವರ್ಗಕ್ಕೆ ಸೇರಿದ್ದವು. ಅಂಥ ದೋಷವನ್ನು ಬಳಸಿಕೊಂಡವನ ಕೈಗೆ ಡೇಟಾ ಸಿಗುವುದಿಲ್ಲ, ಪಾಸ್‌ವರ್ಡ್ ಸಿಗುವುದಿಲ್ಲ. ನಡೆಯುತ್ತಿರುವ ಸರ್ವರನ್ನು ನಿಲ್ಲಿಸುವ ಶಕ್ತಿ ಮಾತ್ರ ಸಿಗುತ್ತದೆ. ತೀವ್ರತೆಯ ಅಳತೆಯಲ್ಲಿ ಹತ್ತಕ್ಕೆ ಒಂದಕ್ಕೆ 6.8, ಇನ್ನೊಂದಕ್ಕೆ 5.5 ಅಂಕ ಕೊಡಲಾಗಿತ್ತು. ಎರಡಕ್ಕೂ ತಾತ್ಕಾಲಿಕ ಉಪಾಯವೇನೂ ಇಲ್ಲ, ಪ್ಯಾಚ್, ಅಂದರೆ ದೋಷ ಸರಿಪಡಿಸುವ ತಿದ್ದುಪಡಿ ಹಾಕುವುದೊಂದೇ ದಾರಿ ಎಂಬುದು ಪ್ರಕಟಣೆಯ ಸಾರಾಂಶ.

ಸರ್ವರ್ ನೋಡಿಕೊಳ್ಳುವವರಿಗೆ ಇದು ಗೊಂದಲ ಹುಟ್ಟಿಸಿದ್ದು ಸಹಜವೇ. ಅದೇ ವರ್ಷದ ಮಾರ್ಚ್ 4ರಂದು ಬಂದ ಪ್ರಕಟಣೆಯಲ್ಲಿ 9.3 ಅಂಕದ ದೋಷವಿತ್ತು, ಮತ್ತು ದಾಳಿಕೋರರು ಅದನ್ನು ಆಗಲೇ ಬಳಸುತ್ತಿದ್ದರು. ಮೇ ಮಧ್ಯದಲ್ಲಿ ಬರ್ಲಿನ್‌ನಲ್ಲಿ ನಡೆದ ಪೋನ್‌-ಟು-ಓನ್ ಎಂಬ ಹ್ಯಾಕಿಂಗ್ ಸ್ಪರ್ಧೆಯಲ್ಲಿ ವಿಎಂವೇರ್‌ನ ಇಎಸ್‌ಎಕ್ಸ್‌ಐ ತಂತ್ರಾಂಶವನ್ನು ಆ ಸ್ಪರ್ಧೆಯ ಇತಿಹಾಸದಲ್ಲೇ ಮೊದಲ ಸಲ ಭೇದಿಸಲಾಗಿತ್ತು. ಅದಕ್ಕೆ 1,50,000 ಡಾಲರ್ ಬಹುಮಾನ ಸಂದಿತ್ತು. ಇಂಥ ಸುದ್ದಿಗಳ ನಡುವೆ 5.5 ಅಂಕದ, ಡೇಟಾ ಕದಿಯಲಾಗದ ದೋಷವೊಂದು ಬಂದಾಗ ಅದನ್ನು ಮುಂದಿನ ತಿಂಗಳಿಗೆ ತಳ್ಳೋಣ ಎನಿಸುವುದು ಸ್ವಾಭಾವಿಕ. ಹಾಗೆ ತಳ್ಳುವುದು ಕೆಲವೊಮ್ಮೆ ಸರಿಯಾದ ನಿರ್ಧಾರವೂ ಹೌದು. ಆದರೆ ಆ ನಿರ್ಧಾರವನ್ನು ಅಂಕ ನೋಡಿ ಮಾಡುವಂತಿಲ್ಲ. ವರ್ಚುವಲೈಸೇಶನ್ ತಂತ್ರಾಂಶದ ವಿಷಯದಲ್ಲಿ ಆ ಅಂಕ ಒಂದು ಮುಖ್ಯ ಸಂಗತಿಯನ್ನು ಬಿಟ್ಟು ಲೆಕ್ಕ ಹಾಕುತ್ತದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಈಗ ಪ್ಯಾಚ್ ಯಾರಿಗೆ ಸಿಗಬೇಕು, ಯಾರಿಗೆ ಸಿಗಬಾರದು ಎಂಬುದನ್ನೂ ಅದೇ ಅಂಕ ತೀರ್ಮಾನಿಸುತ್ತಿದೆ.

ಒಂದು ಯಂತ್ರ, ಹಲವು ಬಾಡಿಗೆದಾರರು

ದೊಡ್ಡ ಸರ್ವರ್ ಒಂದರಲ್ಲಿ ಹತ್ತಾರು ಪ್ರೊಸೆಸರ್ ಕೋರ್‌ಗಳೂ ನೂರಾರು ಗಿಗಾಬೈಟ್ ಮೆಮೊರಿಯೂ ಇರುತ್ತವೆ. ಅಷ್ಟನ್ನೂ ಒಂದೇ ಕೆಲಸಕ್ಕೆ ಇಡುವುದು ದುಂದು. ಆದ್ದರಿಂದ ಹೈಪರ್‌ವೈಸರ್ ಎಂಬ ತಂತ್ರಾಂಶವು ಆ ಯಂತ್ರವನ್ನು ಹಲವು ವರ್ಚುವಲ್ ಮಷಿನ್‌ಗಳಾಗಿ, ಅಂದರೆ ವಿಎಂಗಳಾಗಿ ಹಂಚುತ್ತದೆ. ಪ್ರತಿ ವಿಎಂಗೂ ತನ್ನದೇ ಆಪರೇಟಿಂಗ್ ಸಿಸ್ಟಮ್ ಇರುತ್ತದೆ. ತಾನೇ ಇಡೀ ಯಂತ್ರ ಎಂದು ಅದು ತಿಳಿದಿರುತ್ತದೆ. ಕೆಳಗಿರುವ ನಿಜವಾದ ಯಂತ್ರಕ್ಕೆ ಹೋಸ್ಟ್ ಎಂದೂ, ಮೇಲೆ ಓಡುವ ವಿಎಂಗೆ ಗೆಸ್ಟ್ ಎಂದೂ ಹೆಸರು. ವಿಎಂವೇರ್‌ನ ಇಎಸ್‌ಎಕ್ಸ್‌ಐ, ಲಿನಕ್ಸ್‌ನ ಕೆವಿಎಂ, ಕ್ಸೆನ್, ಮೈಕ್ರೋಸಾಫ್ಟ್‌ನ ಹೈಪರ್‌-ವಿ ಇವೆಲ್ಲ ಈ ಕೆಲಸ ಮಾಡುವ ತಂತ್ರಾಂಶಗಳು.

ಹಳೆಯ ಮೈಸೂರು, ಬೆಂಗಳೂರಿನ ವಠಾರಗಳನ್ನು ಕಂಡವರಿಗೆ ಈ ವ್ಯವಸ್ಥೆ ಬೇಗ ಅರ್ಥವಾಗುತ್ತದೆ. ಒಂದೇ ಅಂಗಳ, ಒಂದೇ ನೀರಿನ ತೊಟ್ಟಿ, ಸುತ್ತ ಹತ್ತು ಮನೆ. ಒಬ್ಬರ ಮನೆಯೊಳಕ್ಕೆ ಇನ್ನೊಬ್ಬರು ನುಗ್ಗದಂತೆ ಗೋಡೆಗಳಿವೆ, ಬೀಗಗಳಿವೆ. ಆದರೆ ಒಂದು ಮನೆಯವರು ತೊಟ್ಟಿಯ ನೀರನ್ನೆಲ್ಲ ಖಾಲಿ ಮಾಡಿದರೆ ಯಾವ ಬೀಗವೂ ಮುರಿಯದೆ ಉಳಿದ ಒಂಬತ್ತು ಮನೆಗಳ ಅಡುಗೆ ನಿಲ್ಲುತ್ತದೆ. ಹೈಪರ್‌ವೈಸರ್ ಕೊಡುವ ಭರವಸೆ ಎರಡು ಭಾಗದ್ದು: ನಿನ್ನ ಗುಟ್ಟನ್ನು ಪಕ್ಕದವನು ನೋಡಲಾರ ಎಂಬುದು ಒಂದು, ನಿನ್ನ ಕೆಲಸವನ್ನು ಪಕ್ಕದವನು ನಿಲ್ಲಿಸಲಾರ ಎಂಬುದು ಇನ್ನೊಂದು. ಸೇವಾ ನಿರಾಕರಣೆಯ ದೋಷ ಮುರಿಯುವುದು ಈ ಎರಡನೆಯದನ್ನು.

ವೆಬ್‌ಸೈಟ್ ಒಂದರ ಮೇಲೆ ಹೊರಗಿನಿಂದ ಲಕ್ಷಾಂತರ ಕೋರಿಕೆಗಳನ್ನು ಸುರಿದು ಅದನ್ನು ಉಸಿರುಗಟ್ಟಿಸುವ ದಾಳಿಯನ್ನೂ ಇದೇ ಹೆಸರಿನಿಂದ ಕರೆಯುತ್ತಾರಾದರೂ, ಎರಡಕ್ಕೂ ವ್ಯತ್ಯಾಸವಿದೆ. ಅಲ್ಲಿ ಬಲ ಬೇಕು, ಸಾವಿರಾರು ಯಂತ್ರಗಳ ದಂಡು ಬೇಕು. ಇಲ್ಲಿ ಬೇಕಾದದ್ದು ತಂತ್ರಾಂಶದೊಳಗಿನ ಒಂದು ತಪ್ಪು ಮತ್ತು ಒಂದು ವಿಎಂ ಒಳಗೆ ಕಾಲಿಡಲು ಜಾಗ. ಹೊರಗಿನಿಂದ ಸುರಿಯುವ ದಾಳಿಗೆ ನೆಟ್‌ವರ್ಕ್‌ನಲ್ಲಿ ತಡೆ ಕಟ್ಟಬಹುದು. ಒಳಗಿನಿಂದ ಬರುವ ಇದಕ್ಕೆ ಫೈರ್‌ವಾಲ್ ಏನೂ ಮಾಡಲಾರದು.

ಮೇ ತಿಂಗಳ ಎರಡು ದೋಷಗಳು

ಮೊದಲನೆಯದು ಸಿವಿಇ-2025-41226 (ಸಿವಿಇ ಎಂದರೆ ಪ್ರತಿ ದೋಷಕ್ಕೂ ಕೊಡುವ ಗುರುತಿನ ಸಂಖ್ಯೆ), ಅಂಕ 6.8. ಇಎಸ್‌ಎಕ್ಸ್‌ಐನಲ್ಲಿ ‘ಗೆಸ್ಟ್ ಆಪರೇಶನ್ಸ್’ ಎಂಬ ಸೌಲಭ್ಯವಿದೆ. ವಿಎಂಗೆ ಲಾಗಿನ್ ಆಗದೆಯೇ, ಅದರೊಳಗೆ ಓಡುವ ವಿಎಂವೇರ್ ಟೂಲ್ಸ್ ಮೂಲಕ ಕಡತ ಕಳುಹಿಸಲು, ಪ್ರೋಗ್ರಾಂ ಓಡಿಸಲು ಅದು ನಿರ್ವಾಹಕರಿಗೆ ನೆರವಾಗುತ್ತದೆ. ಒಂದು ವಿಎಂ ಮೇಲೆ ಈ ಅನುಮತಿ ಪಡೆದು ಲಾಗಿನ್ ಆಗಿರುವವನು, ಟೂಲ್ಸ್ ಓಡುತ್ತಿರುವ ಮತ್ತು ಈ ಸೌಲಭ್ಯ ತೆರೆದಿರುವ ಗೆಸ್ಟ್ ವಿಎಂಗಳ ಸೇವೆಯನ್ನು ನಿಲ್ಲಿಸಬಲ್ಲ ಎಂಬುದು ದೋಷ. ಬ್ಯಾಕಪ್, ನಿಗಾ, ಸ್ವಯಂಚಾಲಿತ ಅನುಸ್ಥಾಪನೆ ಮುಂತಾದ ಕೆಲಸಗಳಿಗೆ ತೆರೆದ ಸೇವಾ ಖಾತೆಗಳಿಗೆ ಇಂಥ ಅನುಮತಿಯನ್ನು ಕೊಟ್ಟಿರುವುದುಂಟು. ಆದ್ದರಿಂದ ‘ಅನುಮತಿ ಇದ್ದವನಿಗೆ ಮಾತ್ರ ಸಾಧ್ಯ’ ಎಂಬ ಸಮಾಧಾನವನ್ನು ಒಪ್ಪುವ ಮೊದಲು, ಆ ಅನುಮತಿ ನಮ್ಮಲ್ಲಿ ಯಾವ ಯಾವ ಖಾತೆಗಳ ಕೈಯಲ್ಲಿದೆ ಎಂದು ಪಟ್ಟಿ ತೆಗೆದು ನೋಡಬೇಕು.

ಎರಡನೆಯದು ಸಿವಿಇ-2025-41227, ಅಂಕ 5.5. ಇದು ಇಎಸ್‌ಎಕ್ಸ್‌ಐ ಜೊತೆಗೆ, ಮೇಜಿನ ಕಂಪ್ಯೂಟರ್‌ಗಳಲ್ಲಿ ವಿಎಂ ಓಡಿಸುವ ವರ್ಕ್‌ಸ್ಟೇಷನ್ ಮತ್ತು ಫ್ಯೂಷನ್ ತಂತ್ರಾಂಶಗಳಲ್ಲಿಯೂ ಇತ್ತು. ಗೆಸ್ಟ್ ಒಳಗೆ ನಿರ್ವಾಹಕನ ಅಧಿಕಾರವೂ ಇಲ್ಲದ ಸಾಮಾನ್ಯ ಬಳಕೆದಾರನೊಬ್ಬ, ಹೋಸ್ಟ್ ಕಡೆಯ ಪ್ರಕ್ರಿಯೆಯ ಮೆಮೊರಿಯನ್ನೆಲ್ಲ ತಿಂದು ಮುಗಿಸಿ ಸೇವೆ ನಿಲ್ಲುವಂತೆ ಮಾಡಬಹುದಿತ್ತು. ಅಂಕ ಕಡಿಮೆಯಿದ್ದರೂ ಎರಡರ ನಡುವಿನ ಈ ಅಂತರವನ್ನು ಗಮನಿಸಿ: ಮೊದಲನೆಯದಕ್ಕೆ ವಿಶೇಷ ಅನುಮತಿ ಬೇಕು, ಎರಡನೆಯದಕ್ಕೆ ಬೇಡ. ಗೆಸ್ಟ್‌ನ ಸಾಮಾನ್ಯ ಬಳಕೆದಾರನ ಕೆಲಸವು ಹೋಸ್ಟ್‌ನ ಕಡೆಗೆ ತಲುಪುತ್ತಿದೆ ಎಂಬುದೇ ಇಲ್ಲಿ ಕಳವಳದ ಸಂಗತಿ.

ಗೆಸ್ಟ್ ಒಂದು ಹೋಸ್ಟನ್ನು ನಿಲ್ಲಿಸುವುದು ಹೇಗೆ

ಗೋಡೆಯ ಒಳಗಿರುವ ಗೆಸ್ಟ್ ಹೊರಗಿನ ಯಂತ್ರವನ್ನು ಹೇಗೆ ಕೆಡವೀತು ಎಂಬ ಪ್ರಶ್ನೆಗೆ ಹಿಂದಿನ ಘಟನೆಗಳೇ ಸ್ಪಷ್ಟವಾದ ಉತ್ತರ ಕೊಡುತ್ತವೆ.

ಹೈಪರ್‌ವೈಸರ್ ತನ್ನ ಗೆಸ್ಟ್‌ಗೆ ಡಿಸ್ಕ್, ನೆಟ್‌ವರ್ಕ್ ಕಾರ್ಡ್, ಕೀಲಿಮಣೆ ಎಲ್ಲವನ್ನೂ ತಂತ್ರಾಂಶದಲ್ಲೇ ನಟಿಸಿ ತೋರಿಸುತ್ತದೆ. ಈ ನಟನೆಯ ಸಂಕೇತದಲ್ಲಿ, ಅಂದರೆ ಕೋಡ್‌ನಲ್ಲಿ ತಪ್ಪಿದ್ದರೆ ಗೆಸ್ಟ್‌ಗೆ ಅದೇ ದಾರಿಯಾಗುತ್ತದೆ. 2015ರ ಮೇ ತಿಂಗಳಲ್ಲಿ ಬಯಲಾದ ‘ವೆನಮ್’ ದೋಷ ಹೀಗೆ ಹುಟ್ಟಿದ್ದು. ಕೆವಿಎಂ, ಕ್ಸೆನ್‌ಗಳ ಜೊತೆ ಈ ನಟನೆಯ ಕೆಲಸ ಮಾಡುವ ಕ್ಯೂಎಂಯು ತಂತ್ರಾಂಶದೊಳಗೆ ಫ್ಲಾಪಿ ಡಿಸ್ಕ್ ನಿಯಂತ್ರಕವನ್ನು ನಟಿಸುವ ಸಂಕೇತವಿತ್ತು. ಬಂದ ಆದೇಶಗಳನ್ನು ಅದು 512 ಬೈಟ್‌ಗಳ ಒಂದು ಪುಟ್ಟ ಜಾಗದಲ್ಲಿ ಕೂಡಿಡುತ್ತಿತ್ತು; ಕೆಲವು ಆದೇಶಗಳ ನಂತರ ಎಣಿಕೆಯನ್ನು ಮತ್ತೆ ಸೊನ್ನೆಗೆ ತರಲು ಮರೆಯುತ್ತಿತ್ತು. ಗೆಸ್ಟ್ ಬೈಟ್‌ಗಳನ್ನು ಕಳುಹಿಸುತ್ತಲೇ ಹೋದರೆ ಜಾಗ ತುಂಬಿ, ಅಂಚು ಮೀರಿ, ಪಕ್ಕದ ಮೆಮೊರಿಯ ಮೇಲೆ ಬರೆಯಲಾಗುತ್ತಿತ್ತು. 2004ರಿಂದಲೂ ಆ ತಪ್ಪು ಅಲ್ಲೇ ಕುಳಿತಿತ್ತು. ಫ್ಲಾಪಿಯನ್ನು ಯಾರೂ ಬಳಸುತ್ತಿರಲಿಲ್ಲವಾದರೂ ನಿಯಂತ್ರಕದ ಸಂಕೇತ ಜೀವಂತವಾಗಿಯೇ ಇತ್ತು. ವಿಎಂನ ಸೆಟ್ಟಿಂಗ್‌ನಲ್ಲಿ ಫ್ಲಾಪಿ ಡ್ರೈವ್ ತೆಗೆದುಹಾಕಿದರೂ ದೋಷ ಹೋಗುತ್ತಿರಲಿಲ್ಲ.

ಇನ್ನೊಂದು ಬಗೆ ಇದಕ್ಕಿಂತ ಸೂಕ್ಷ್ಮವಾದದ್ದು, ಮತ್ತು ಸೇವಾ ನಿರಾಕರಣೆಯ ಸ್ವರೂಪವನ್ನು ಅತ್ಯಂತ ಶುದ್ಧವಾಗಿ ತೋರಿಸುವಂಥದ್ದು. 2015ರ ನವೆಂಬರ್‌ನಲ್ಲಿ ಕ್ಸೆನ್, ಕೆವಿಎಂ, ಹೈಪರ್‌-ವಿ ಮೂರೂ ಒಂದೇ ದೋಷಕ್ಕೆ ಪ್ಯಾಚ್ ಹೊರಡಿಸಬೇಕಾಯಿತು. ಮೂರು ಬೇರೆ ಬೇರೆ ತಂಡಗಳು ಬರೆದ ತಂತ್ರಾಂಶಗಳಲ್ಲಿ ಒಂದೇ ದೋಷ ಕಾಣಿಸಿಕೊಂಡದ್ದೇಕೆಂದರೆ, ಅದರ ಬೇರು ತಂತ್ರಾಂಶದಲ್ಲಿರಲಿಲ್ಲ, ಪ್ರೊಸೆಸರ್ ನಡೆದುಕೊಳ್ಳುವ ರೀತಿಯಲ್ಲಿತ್ತು. ಮೆಮೊರಿಯ ಡೇಟಾ ಸರಿಯಾದ ಗಡಿಯಲ್ಲಿ ಜೋಡಣೆಯಾಗಿಲ್ಲದಿದ್ದರೆ ಪ್ರೊಸೆಸರ್ ‘ಅಲೈನ್‌ಮೆಂಟ್ ಚೆಕ್’ ಎಂಬ ತಕರಾರು ಎತ್ತುತ್ತದೆ. ಆ ತಕರಾರನ್ನು ಆಪರೇಟಿಂಗ್ ಸಿಸ್ಟಮ್‌ಗೆ ತಲುಪಿಸಲು ಕೆಲವು ವಿವರಗಳನ್ನು ಸ್ಟ್ಯಾಕ್ ಎಂಬ ಜಾಗದಲ್ಲಿ ಬರೆಯಬೇಕು. ಗೆಸ್ಟ್ ಬೇಕೆಂದೇ ಸ್ಟ್ಯಾಕನ್ನೂ ತಪ್ಪು ಗಡಿಯಲ್ಲಿಟ್ಟರೆ, ತಕರಾರನ್ನು ಬರೆಯುವ ಕೆಲಸವೇ ಇನ್ನೊಂದು ತಕರಾರನ್ನು ಹುಟ್ಟಿಸುತ್ತದೆ. ಅದನ್ನು ಬರೆಯಹೋದರೆ ಮತ್ತೊಂದು. ಈ ಸರಪಳಿ ಎರಡು ಆದೇಶಗಳ ನಡುವಿನ ಸಂದಿನಲ್ಲಿ, ಪ್ರೊಸೆಸರ್‌ನ ಒಳಸಂಕೇತದಲ್ಲೇ ಸುತ್ತುತ್ತಿರುತ್ತದೆ. ಸಾಮಾನ್ಯವಾಗಿ ಗೆಸ್ಟ್ ಎಷ್ಟೇ ಹೊತ್ತು ಓಡಿದರೂ ಗಡಿಯಾರದ ಒಂದು ಸೂಚನೆ ಬಂದೊಡನೆ ಹೈಪರ್‌ವೈಸರ್ ಆ ಕೋರನ್ನು ಹಿಂದಕ್ಕೆ ಪಡೆಯುತ್ತದೆ. ಇಲ್ಲಿ ಆ ಸೂಚನೆಯನ್ನು ಕೇಳಿಸಿಕೊಳ್ಳುವ ಕ್ಷಣವೇ ಬರುವುದಿಲ್ಲ. ಕೋರ್ ಹೋಯಿತು ಎಂದರೆ ಹೋದಂತೆಯೇ, ಅದರ ಹಿಂದೆ ಇಡೀ ಹೋಸ್ಟ್ ಕೂಡ ನಿಲ್ಲುತ್ತದೆ. ಇಂಥ ಪ್ರತಿಯೊಂದು ತಕರಾರು ಹುಟ್ಟಿದಾಗಲೂ ನಿಯಂತ್ರಣವನ್ನು ನನ್ನ ಕೈಗೆ ಕೊಡು ಎಂದು ಹೈಪರ್‌ವೈಸರ್ ಪ್ರೊಸೆಸರ್‌ಗೆ ಮೊದಲೇ ಹೇಳಿಡುವುದು ಪರಿಹಾರವಾಯಿತು.

ಇಲ್ಲಿ ಏನೂ ಕಳುವಾಗಲಿಲ್ಲ, ಏನೂ ಸೋರಲಿಲ್ಲ, ಯಾವ ಮೆಮೊರಿಯ ಅಂಚೂ ಮೀರಲಿಲ್ಲ. ಒಂದು ಗೆಸ್ಟ್ ಇಡೀ ಯಂತ್ರವನ್ನು ಕಲ್ಲಾಗಿಸಿತು, ಅಷ್ಟೇ. ಅದನ್ನು ಸಣ್ಣ ದೋಷ ಎಂದು ಯಾವ ಹೈಪರ್‌ವೈಸರ್ ತಂಡವೂ ಬದಿಗಿಡಲಿಲ್ಲ.

2019ರ ನವೆಂಬರ್ 12ರಂದು ಪ್ರಕಟವಾದ ಸಿವಿಇ-2018-12207 ಇದೇ ಜಾತಿಯದು. ಹಲವು ಇಂಟೆಲ್ ಪ್ರೊಸೆಸರ್‌ಗಳಲ್ಲಿ, ಮೆಮೊರಿ ಪುಟದ ಗಾತ್ರ ಬದಲಾದಾಗ ಹಳೆಯ ಮತ್ತು ಹೊಸ ವಿಳಾಸ ನಮೂದುಗಳೆರಡೂ ಒಟ್ಟಿಗೆ ಉಳಿದುಬಿಟ್ಟರೆ ಪ್ರೊಸೆಸರ್ ತಬ್ಬಿಬ್ಬಾಗಿ ಯಂತ್ರದೋಷ ಘೋಷಿಸಿ ನಿಲ್ಲುತ್ತಿತ್ತು. ದುರುದ್ದೇಶದ ಗೆಸ್ಟ್ ಇಂಥ ಸನ್ನಿವೇಶವನ್ನು ಬೇಕೆಂದೇ ಸೃಷ್ಟಿಸಬಹುದಿತ್ತು. ದೊಡ್ಡ ಪುಟಗಳಲ್ಲಿ ಸಂಕೇತ ಓಡದಂತೆ ಮಾಡಿ, ಓಡಲೇಬೇಕಾದರೆ ಅವನ್ನು 4 ಕಿಲೋಬೈಟ್‌ನ ಸಣ್ಣ ಪುಟಗಳಾಗಿ ಒಡೆಯುವುದು ಕೆವಿಎಂ ಕಂಡುಕೊಂಡ ಉಪಾಯ. ಇದರಿಂದ ವೇಗ ಕುಗ್ಗುತ್ತದೆ. ಹಾಗಾಗಿ ಗೆಸ್ಟ್‌ಗಳ ಮೇಲೆ ಪೂರ್ತಿ ನಂಬಿಕೆಯಿರುವವರು ಅದನ್ನು ಆಫ್ ಮಾಡಿಡಲು ಒಂದು ಸ್ವಿಚ್ಚನ್ನೂ ಕೊಟ್ಟರು. ಲಭ್ಯತೆಗೂ ವೇಗಕ್ಕೂ ನಡುವೆ ಆಯ್ಕೆ ಮಾಡುವ ಹೊಣೆ ಹೀಗೆ ನಿರ್ವಾಹಕನ ಮೇಲೆ ಬಿತ್ತು.

ಅಂಕ ಹುಟ್ಟುವ ಬಗೆ

ದೋಷಗಳಿಗೆ ಅಂಕ ಕೊಡುವ ಪದ್ಧತಿಗೆ ಸಿವಿಎಸ್‌ಎಸ್ ಎಂದು ಹೆಸರು. ಫಸ್ಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು ನಿರ್ವಹಿಸುತ್ತದೆ. ಅದರ 3.1ನೇ ಆವೃತ್ತಿಯಲ್ಲಿ ಹಾನಿಯನ್ನು ಮೂರು ಬಗೆಯಲ್ಲಿ ಅಳೆಯುತ್ತಾರೆ: ಗೋಪ್ಯತೆಗೆ ಎಷ್ಟು ಧಕ್ಕೆ, ಡೇಟಾದ ನೈಜತೆಗೆ ಎಷ್ಟು ಧಕ್ಕೆ, ಲಭ್ಯತೆಗೆ ಎಷ್ಟು ಧಕ್ಕೆ. ಜೊತೆಗೆ ದಾಳಿ ಎಲ್ಲಿಂದ ಸಾಧ್ಯ, ಯಾವ ಅಧಿಕಾರ ಬೇಕು, ಹಾನಿಯು ದೋಷವಿರುವ ಘಟಕದ ಗಡಿ ದಾಟುತ್ತದೆಯೇ ಎಂಬುದನ್ನು ಸೇರಿಸಿ ಸೂತ್ರದ ಮೂಲಕ ಮೂಲ ಅಂಕ ತೆಗೆಯುತ್ತಾರೆ.

ಈ ಸೂತ್ರವನ್ನು ಕೈಯಾರೆ ಲೆಕ್ಕ ಹಾಕಿ ನೋಡಿದರೆ ಒಂದು ಮಹತ್ವದ ಸಂಗತಿ ಕಾಣುತ್ತದೆ. ಲಭ್ಯತೆಯೊಂದನ್ನೇ ಕೆಡಿಸುವ ದೋಷವು ಎಷ್ಟೇ ಭೀಕರವಾಗಿದ್ದರೂ, ಅಂದರೆ ಜಗತ್ತಿನ ಯಾವ ಮೂಲೆಯಿಂದಲಾದರೂ, ಯಾವ ಪಾಸ್‌ವರ್ಡೂ ಇಲ್ಲದೆ, ಸುಲಭವಾಗಿ, ಗಡಿ ದಾಟಿ ಎಲ್ಲವನ್ನೂ ನಿಲ್ಲಿಸುವಂತಿದ್ದರೂ ಅದರ ಮೂಲ ಅಂಕ 8.6ನ್ನು ಮೀರುವುದಿಲ್ಲ. ಗಡಿ ದಾಟುವುದಿಲ್ಲ ಎಂದು ನಮೂದಿಸಿದರೆ 7.5ಕ್ಕೇ ನಿಲ್ಲುತ್ತದೆ. ‘ಅತಿ ಗಂಭೀರ’ ಎಂಬ ದರ್ಜೆ ಶುರುವಾಗುವುದು 9.0ರಿಂದ. ಅಂದರೆ ಶುದ್ಧ ಸೇವಾ ನಿರಾಕರಣೆಯ ದೋಷ ಆ ದರ್ಜೆಯನ್ನು ತಲುಪಲು ಸೂತ್ರವೇ ಬಿಡುವುದಿಲ್ಲ.

ಮೇ ತಿಂಗಳ 5.5ನ್ನೇ ತೆಗೆದುಕೊಳ್ಳೋಣ. ಯಂತ್ರದ ಒಳಗಿನಿಂದ, ಸಣ್ಣ ಅಧಿಕಾರದಿಂದ, ಲಭ್ಯತೆಗೆ ಪೂರ್ಣ ಧಕ್ಕೆ, ಗಡಿ ದಾಟುವುದಿಲ್ಲ ಎಂಬ ನಾಲ್ಕು ಉತ್ತರ ಕೊಟ್ಟರೆ ಸೂತ್ರದಿಂದ ಬರುವ ಸಂಖ್ಯೆ ಇದು. ಗೆಸ್ಟ್‌ನೊಳಗಿನ ಕೆಲಸ ಹೋಸ್ಟ್‌ಗೆ ಮುಟ್ಟುವುದನ್ನು ಗಡಿ ದಾಟಿದಂತೆ ಎಣಿಸಿದರೆ ಅದೇ 6.5 ಆಗುತ್ತದೆ. ಸೂತ್ರದಲ್ಲಿ ‘ಪರಿಸರ’ದ ಅಳತೆ ಎಂಬ ಇನ್ನೊಂದು ಭಾಗವೂ ಇದೆ, ತನ್ನಲ್ಲಿ ಲಭ್ಯತೆಗೆ ಹೆಚ್ಚಿನ ಮಹತ್ವವಿದೆ ಎಂದು ಸಂಸ್ಥೆಯೊಂದು ಅದರಲ್ಲಿ ನಮೂದಿಸಿದರೆ 5.5 ಏರಿ 7.3 ಆಗುತ್ತದೆ, ಎರಡನ್ನೂ ಸೇರಿಸಿದರೆ 8.6. ದೋಷ ಒಂದೇ, ಯಂತ್ರ ಒಂದೇ, ಉತ್ತರಗಳು ಬೇರೆ. ಅಂಕವು ದೋಷದ ತೀವ್ರತೆಯನ್ನು ಅಳೆಯುತ್ತದೆಯೇ ಹೊರತು ನಿಮ್ಮ ಅಪಾಯವನ್ನಲ್ಲ ಎಂದು ಸಿವಿಎಸ್‌ಎಸ್ ರೂಪಿಸಿದವರೇ ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ಕಚೇರಿಗಳಲ್ಲಿ ಪರಿಸರದ ಲೆಕ್ಕ ಹಾಕುವವರು ಅಪರೂಪ; ಪ್ರಕಟಣೆಯ ತಲೆಬರಹದ ಸಂಖ್ಯೆಯೇ ಎಲ್ಲ ಕಡೆ ಅಂತಿಮವಾಗಿ ನಿಲ್ಲುತ್ತದೆ.

ಆ ಸೂತ್ರದಲ್ಲಿ ಕೇಳದೇ ಇರುವ ಪ್ರಶ್ನೆಯೊಂದಿದೆ: ಎಷ್ಟು ಮಂದಿ ಒಟ್ಟಿಗೆ ನಿಲ್ಲುತ್ತಾರೆ? ಹೋಸ್ಟ್ ಒಂದರ ಮೇಲೆ ಐದು ವಿಎಂ ಇದ್ದರೂ ಐವತ್ತು ವಿಎಂ ಇದ್ದರೂ ಲಭ್ಯತೆಯ ಖಾನೆಯಲ್ಲಿ ಬರೆಯುವುದು ‘ಹೆಚ್ಚು’ ಎಂಬ ಒಂದೇ ಪದ. ಕ್ಸೆನ್ ಯೋಜನೆಯ ಭದ್ರತಾ ಪ್ರಕಟಣೆಗಳು ಈ ವಿಷಯದಲ್ಲಿ ಬೇರೆ ಹಾದಿ ಹಿಡಿದಿವೆ. ಅವುಗಳಲ್ಲಿ ಅಂಕ ಇರುವುದಿಲ್ಲ. ಯಾವ ಬಗೆಯ ಗೆಸ್ಟ್ ಏನು ಮಾಡಬಲ್ಲದು, ಪರಿಣಾಮ ಆ ಗೆಸ್ಟ್‌ಗೆ ಸೀಮಿತವೋ ಇಡೀ ಹೋಸ್ಟ್‌ಗೋ, ಯಾವ ಆವೃತ್ತಿಗಳಲ್ಲಿ, ತಪ್ಪಿಸಿಕೊಳ್ಳುವ ದಾರಿಯೇನು ಎಂದು ವಾಕ್ಯಗಳಲ್ಲಿ ಬರೆದಿರುತ್ತಾರೆ. ಓದಲು ಶ್ರಮ ಹೆಚ್ಚು, ಆದರೆ ನಿರ್ಧಾರಕ್ಕೆ ಬೇಕಾದದ್ದು ಅದರಲ್ಲಿ ಸಿಗುತ್ತದೆ.

ಅವಸರ ಬೇಡ ಎನ್ನುವವರ ವಾದ

ಇಂಥ ದೋಷಗಳಿಗೆ ಅವಸರ ಬೇಡ ಎನ್ನುವವರ ಮಾತಿನಲ್ಲಿ ಹುರುಳಿಲ್ಲ ಎಂದಲ್ಲ. ದಾಳಿಕೋರ ಮೊದಲು ವಿಎಂ ಒಂದರ ಒಳಗೆ ಇರಬೇಕು. ಅವನು ಅಲ್ಲಿಯವರೆಗೆ ಬಂದಿದ್ದಾನೆ ಎಂದರೆ ದೊಡ್ಡ ಸೋಲು ಆಗಲೇ ಆಗಿದೆ. ಯಂತ್ರ ನಿಂತರೆ ರೀಬೂಟ್ ಮಾಡಿದರಾಯಿತು, ಆದರೆ ಸೋರಿದ ಡೇಟಾ ಮರಳಿ ಬರುವುದಿಲ್ಲ. ದಾಳಿಕೋರರಿಗೆ ಹಣ ಬರುವುದು ಡೇಟಾದಿಂದ. ಸುಮ್ಮನೆ ಯಂತ್ರ ಕೆಡವಿದರೆ ತಾನು ಒಳಗಿರುವುದನ್ನು ತಾನೇ ಸಾರಿದಂತಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಪ್ಯಾಚ್ ಹಾಕಲು ಇರುವ ಜನ, ಸಮಯ ಎರಡೂ ಸೀಮಿತ, 9.3ರ ದೋಷ ಕಾದಿರುವಾಗ 5.5ಕ್ಕೆ ರಾತ್ರಿಯಿಡೀ ಕೂರುವುದು ಸರಿಯಾದ ಆದ್ಯತೆಯಲ್ಲ.

ಒಂದೇ ಸಂಸ್ಥೆಯವರು, ತಮ್ಮದೇ ಕಟ್ಟಡದಲ್ಲಿ, ತಮ್ಮದೇ ನೌಕರರು ಬಳಸುವ ಹತ್ತು ವಿಎಂಗಳನ್ನು ಓಡಿಸುತ್ತಿದ್ದರೆ ಈ ವಾದ ಬಹುಮಟ್ಟಿಗೆ ನಿಲ್ಲುತ್ತದೆ. ಅಲ್ಲಿ ಪಕ್ಕದ ಬಾಡಿಗೆದಾರನೂ ಮನೆಯವನೇ.

ವಾದ ಕುಸಿಯುವ ಜಾಗಗಳು

ವಿಎಂಗಳನ್ನು ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಗೆ ‘ದಾಳಿಕೋರ ಮೊದಲು ಒಳಗೆ ಬರಬೇಕು’ ಎಂಬ ಮಾತು ಯಾವ ಸಮಾಧಾನವನ್ನೂ ಕೊಡುವುದಿಲ್ಲ. ಒಂದು ತಿಂಗಳ ಬಾಡಿಗೆ ಕಟ್ಟಿದವನು ನ್ಯಾಯವಾಗಿಯೇ ಒಳಗಿದ್ದಾನೆ. ಅದೇ ಆ ವ್ಯವಹಾರದ ಅರ್ಥ. ಕಾಲೇಜಿನ ಪ್ರಯೋಗಾಲಯ, ಹೊರಗಿನ ಗುತ್ತಿಗೆದಾರರಿಗೆ ಕೊಟ್ಟ ವರ್ಚುವಲ್ ಡೆಸ್ಕ್‌ಟಾಪ್, ಅಪರಿಚಿತ ಕಡತಗಳನ್ನು ತೆರೆದು ಪರೀಕ್ಷಿಸುವ ಭದ್ರತಾ ತಂಡದ ವಿಎಂ, ಇವುಗಳ ಸ್ಥಿತಿಯೂ ಅದೇ.

ರೀಬೂಟ್ ಮಾಡಿದರಾಯಿತು ಎಂಬುದರಲ್ಲಿ ಇನ್ನೂ ಆಳವಾದ ತೊಡಕಿದೆ. ದೊಡ್ಡ ಸಂಸ್ಥೆಗಳಲ್ಲಿ ಹಲವು ಹೋಸ್ಟ್‌ಗಳನ್ನು ಕೂಡಿಸಿ ಕ್ಲಸ್ಟರ್ ಮಾಡಿರುತ್ತಾರೆ. ಒಂದು ಹೋಸ್ಟ್ ಬಿದ್ದರೆ ಅದರ ಮೇಲಿದ್ದ ವಿಎಂಗಳನ್ನು ಉಳಿದ ಹೋಸ್ಟ್‌ಗಳಲ್ಲಿ ತಾನಾಗಿಯೇ ಮತ್ತೆ ಎಬ್ಬಿಸುವ ವ್ಯವಸ್ಥೆ ಇರುತ್ತದೆ. ಡಿಸ್ಕ್ ಕೆಟ್ಟಾಗ, ವಿದ್ಯುತ್ ಹೋದಾಗ ಇದು ನಿಜವಾದ ರಕ್ಷಣೆ. ಆದರೆ ಹೋಸ್ಟ್ ಬಿದ್ದದ್ದು ಒಂದು ಗೆಸ್ಟ್‌ನ ಕುತಂತ್ರದಿಂದ ಎಂದಾದರೆ, ಆ ವ್ಯವಸ್ಥೆ ಒಳ್ಳೆಯ ವಿಎಂಗಳ ಜೊತೆ ಆ ಗೆಸ್ಟನ್ನೂ ಎರಡನೆಯ ಹೋಸ್ಟ್‌ಗೆ ಕೊಂಡೊಯ್ದು ಎಬ್ಬಿಸುತ್ತದೆ. ಬೂಟ್ ಆದೊಡನೆ ಓಡುವಂತೆ ಸಂಕೇತವನ್ನು ಅಡಗಿಸಿಟ್ಟಿದ್ದರೆ ಅದೂ ಬೀಳುತ್ತದೆ, ಆಮೇಲೆ ಮೂರನೆಯದು. ಪ್ರತಿ ಸಲ ಬಿದ್ದಾಗಲೂ ಉಳಿದ ಹೋಸ್ಟ್‌ಗಳ ಮೇಲಿನ ಭಾರ ಹೆಚ್ಚುತ್ತದೆ. ಯಂತ್ರ ಕೆಟ್ಟರೆ ಕಾಪಾಡಲೆಂದು ಕಟ್ಟಿದ ಏರ್ಪಾಡು, ಯಂತ್ರವನ್ನು ಕೆಡಿಸುವವನಿಗೆ ಸಾರಿಗೆಯಾಗುತ್ತದೆ. ಮೊದಲ ಅರ್ಧ ಗಂಟೆಯಲ್ಲಿ ಇದನ್ನು ಕಂಡ ನಿರ್ವಾಹಕರಿಗೆ ಹಾರ್ಡ್‌ವೇರ್ ದೋಷದ ಅನುಮಾನವೇ ಮೊದಲು ಬರುತ್ತದೆ. ಇಎಸ್‌ಎಕ್ಸ್‌ಐ ಕುಸಿದಾಗ ತೋರಿಸುವ ನೇರಳೆ ಬಣ್ಣದ ಪರದೆಯ ಮೇಲಿನ ಸಾಲುಗಳಲ್ಲಿ ‘ಯಾವ ಗೆಸ್ಟ್ ಇದನ್ನು ಮಾಡಿತು’ ಎಂದು ನೇರವಾಗಿ ಬರೆದಿರುವುದಿಲ್ಲ.

ಯಂತ್ರ ನಿಲ್ಲಿಸುವುದರಲ್ಲಿ ದಾಳಿಕೋರರಿಗೆ ಲಾಭವಿಲ್ಲ ಎಂಬುದೂ ಹಳೆಯ ಕಾಲದ ನಂಬಿಕೆ. ಇಎಸ್‌ಎಕ್ಸ್‌ಐ ಮೇಲೆ ಎರಗುವ ಸುಲಿಗೆ ತಂತ್ರಾಂಶಗಳು ಮೊದಲು ಮಾಡುವ ಕೆಲಸವೇ ಓಡುತ್ತಿರುವ ವಿಎಂಗಳನ್ನು ನಿಲ್ಲಿಸುವುದು; ಕಡತಗಳಿಗೆ ಬೀಗ ಬೀಳುವುದು ಆಮೇಲೆ. 2023ರ ಫೆಬ್ರವರಿಯಲ್ಲಿ ಹಬ್ಬಿದ ಇಎಸ್‌ಎಕ್ಸ್‌ಐ-ಆರ್ಗ್ಸ್ ದಾಳಿಯಲ್ಲಿ ಸಾವಿರಾರು ಸರ್ವರ್‌ಗಳು ಹೀಗೆ ನಿಂತವು. ಬಳಕೆಯಾದದ್ದು 2021ರ ಫೆಬ್ರವರಿಯಲ್ಲೇ ಪ್ಯಾಚ್ ಬಂದಿದ್ದ ದೋಷ ಎಂದು ಆಗ ಹೇಳಲಾಯಿತು. ಹಣ ಕೇಳುವವನ ಕೈಯಲ್ಲಿರುವ ಬಲ ಡೇಟಾ ಮಾತ್ರವಲ್ಲ, ನಿಂತ ಸೇವೆಯೂ ಹೌದು.

ಕೊನೆಯದಾಗಿ, ‘ಕ್ರ್ಯಾಶ್ ಆಗುತ್ತದೆ ಅಷ್ಟೇ’ ಎಂದು ಮೊದಲು ಬಗೆದದ್ದು ಅಷ್ಟಕ್ಕೇ ನಿಲ್ಲಬೇಕೆಂದಿಲ್ಲ. ವೆನಮ್‌ನಲ್ಲಿ ಅಂಚು ಮೀರಿದ ಅದೇ ಬರಹದಿಂದ ಕ್ಯೂಎಂಯು ಪ್ರಕ್ರಿಯೆಯನ್ನು ಬೀಳಿಸಲೂಬಹುದಿತ್ತು, ಜಾಣತನದಿಂದ ಜೋಡಿಸಿದರೆ ಹೋಸ್ಟ್‌ನಲ್ಲಿ ತನ್ನ ಸಂಕೇತ ಓಡಿಸಲೂಬಹುದಿತ್ತು.

ಪ್ಯಾಚ್ ಹಾಕುವುದೂ ಒಂದು ನಿಲುಗಡೆ

ಹಾಗಿದ್ದರೆ ಎಲ್ಲರೂ ಕೂಡಲೇ ಪ್ಯಾಚ್ ಹಾಕಲಿ ಎನ್ನುವುದು ಸುಲಭ. ಹೈಪರ್‌ವೈಸರ್‌ಗೆ ಪ್ಯಾಚ್ ಹಾಕುವುದೆಂದರೆ ಬಹುತೇಕ ಹೋಸ್ಟನ್ನು ರೀಬೂಟ್ ಮಾಡುವುದೇ. ಕ್ಲಸ್ಟರ್ ಇರುವಲ್ಲಿ ಹೋಸ್ಟ್ ಒಂದನ್ನು ಮೇಂಟೆನೆನ್ಸ್ ಮೋಡ್‌ಗೆ ತಂದು, ಅದರ ಮೇಲಿನ ವಿಎಂಗಳನ್ನು ನಿಲ್ಲಿಸದೆಯೇ ಒಂದೊಂದಾಗಿ ಬೇರೆ ಹೋಸ್ಟ್‌ಗೆ ಸಾಗಿಸಿ, ಖಾಲಿಯಾದ ಮೇಲೆ ಪ್ಯಾಚ್ ಹಾಕಿ, ಸರ್ವರ್ ತನ್ನ ಮೆಮೊರಿಯನ್ನೆಲ್ಲ ಪರೀಕ್ಷಿಸಿ ಏಳುವವರೆಗೆ ಕಾಯಬೇಕು, ಬಳಿಕ ಮುಂದಿನದು. ಇದಕ್ಕೆ ಕನಿಷ್ಠ ಒಂದು ಹೋಸ್ಟ್‌ನಷ್ಟಾದರೂ ಖಾಲಿ ಜಾಗ ಸದಾ ಇರಬೇಕು. ಖರ್ಚು ಉಳಿಸಲು ಎಲ್ಲ ಹೋಸ್ಟ್‌ಗಳನ್ನೂ ಕಂಠಮಟ್ಟ ತುಂಬಿಸಿದವರಿಗೆ ಆ ದಾರಿ ಮುಚ್ಚಿದೆ. ಅವರು ಸೇವೆ ನಿಲ್ಲಿಸಿಯೇ ಪ್ಯಾಚ್ ಹಾಕಬೇಕು. ಹೊರದೇಶಗಳ ಸರ್ವರ್‌ಗಳನ್ನು ನೋಡಿಕೊಳ್ಳುವ ಬೆಂಗಳೂರಿನ ತಂಡಗಳು ಈ ಕೆಲಸವನ್ನು ಗ್ರಾಹಕರ ವಾರಾಂತ್ಯದ ವೇಳೆಗೆ ಹೊಂದಿಸಿಕೊಂಡು ರಾತ್ರಿ ಪಾಳಿಯಲ್ಲಿ ಮಾಡುವುದು ಇದೇ ಕಾರಣಕ್ಕೆ.

ಇದು ಎಷ್ಟು ದೊಡ್ಡ ಪ್ರಮಾಣಕ್ಕೆ ಹೋಗಬಹುದು ಎಂಬುದಕ್ಕೆ 2014ರ ಸೆಪ್ಟೆಂಬರ್ ಸಾಕ್ಷಿ. ಅಮೆಜಾನ್, ವಿಎಂಗಳನ್ನು ಬಾಡಿಗೆಗೆ ಕೊಡುವ ತನ್ನ ಇಸಿ2 ಸೇವೆಯ ಶೇಕಡಾ 10ಕ್ಕಿಂತ ಕಡಿಮೆ ಭಾಗವನ್ನು ರೀಬೂಟ್ ಮಾಡಬೇಕಿದೆ ಎಂದು ಗ್ರಾಹಕರಿಗೆ ತಿಳಿಸಿತು. ರ‍್ಯಾಕ್‌ಸ್ಪೇಸ್ ಎಂಬ ಇನ್ನೊಂದು ಕ್ಲೌಡ್ ಕಂಪನಿ ಕೂಡ ಹಾಗೆಯೇ ಮಾಡಿತು. ಕಾರಣವನ್ನು ಮೊದಲು ಹೇಳಲಿಲ್ಲ. ಅಕ್ಟೋಬರ್ 1ರಂದು ಕ್ಸೆನ್ ಯೋಜನೆ ಎಕ್ಸ್‌ಎಸ್‌ಎ-108 ಪ್ರಕಟಣೆ ಹೊರಡಿಸಿದಾಗ ವಿಷಯ ತಿಳಿಯಿತು: 256 ರಿಜಿಸ್ಟರ್‌ಗಳಿಗೆ (ಪ್ರೊಸೆಸರ್‌ನ ಒಳಗಿನ ಪುಟ್ಟ ಶೇಖರಣಾ ಜಾಗಗಳಿಗೆ) ಮಾತ್ರ ಇರಬೇಕಿದ್ದ ಮಿತಿಯನ್ನು ಸಂಕೇತದಲ್ಲಿ ತಪ್ಪಾಗಿ 1024 ಎಂದು ಬರೆಯಲಾಗಿತ್ತು. ಹೆಚ್ಚುವರಿ ಜಾಗವನ್ನು ಓದಲು ಹೋದ ಗೆಸ್ಟ್, ಹೋಸ್ಟನ್ನು ಬೀಳಿಸಬಹುದಿತ್ತು ಅಥವಾ ಪಕ್ಕದವರ ಡೇಟಾ ನೋಡಬಹುದಿತ್ತು. ಒಂದು ಅಂಕಿಯ ತಪ್ಪಿಗೆ ಜಗತ್ತಿನ ಬಹುದೊಡ್ಡ ಕ್ಲೌಡ್ ಸೇವೆಯ ಒಂದು ಪಾಲು ರೀಬೂಟ್ ಆಗಬೇಕಾಯಿತು.

9.0 ಎಂಬ ಹೊಸ್ತಿಲು

ಇಲ್ಲಿಯವರೆಗಿನ ಚರ್ಚೆ ತಾಂತ್ರಿಕವಾದದ್ದು. ಅದು ವ್ಯವಹಾರದ ಪ್ರಶ್ನೆಯಾಗಿ ಬದಲಾದದ್ದು 2023ರ ನವೆಂಬರ್ 22ರಂದು ಬ್ರಾಡ್‌ಕಾಮ್ ವಿಎಂವೇರ್‌ನ ಖರೀದಿಯನ್ನು ಮುಗಿಸಿದ ಮೇಲೆ. ಮುಂದಿನ ತಿಂಗಳಲ್ಲೇ ಕಂಪನಿಯು ಶಾಶ್ವತ ಲೈಸೆನ್ಸ್ ಮಾರಾಟವನ್ನು ನಿಲ್ಲಿಸಿ ಚಂದಾ ಪದ್ಧತಿಗೆ ಬದಲಾಯಿತು. ಹಿಂದೆ ಶಾಶ್ವತ ಲೈಸೆನ್ಸ್ ಕೊಂಡು, ಬೆಂಬಲದ ಒಪ್ಪಂದ ಮುಗಿದಿರುವವರು ತಂತ್ರಾಂಶ ಬಳಸಬಹುದು, ಆದರೆ ಸಾಮಾನ್ಯ ಪ್ಯಾಚ್‌ಗಳು ಅವರಿಗೆ ಸಿಗುವುದಿಲ್ಲ. 2025ರ ಮೇನಲ್ಲಿ ಇಂಥ ಗ್ರಾಹಕರಿಗೆ, ಒಪ್ಪಂದ ಮುಗಿದ ಮೇಲೆ ಹಾಕಿಕೊಂಡ ಪ್ಯಾಚ್‌ಗಳನ್ನು ತೆಗೆಯುವಂತೆ ಪತ್ರಗಳು ಹೋಗಿದ್ದೂ ವರದಿಯಾಯಿತು.

2024ರ ಏಪ್ರಿಲ್‌ನಲ್ಲಿ ಬ್ರಾಡ್‌ಕಾಮ್ ಒಂದು ವಿನಾಯಿತಿ ಪ್ರಕಟಿಸಿತ್ತು: ಬೆಂಬಲ ಮುಗಿದವರಿಗೂ ತುರ್ತು ಭದ್ರತಾ ಪ್ಯಾಚ್‌ಗಳನ್ನು ಉಚಿತವಾಗಿ ಕೊಡಲಾಗುವುದು. ಒಳ್ಳೆಯ ನಿರ್ಧಾರವೇ. ಆದರೆ ತುರ್ತು ಎಂದರೆ ಯಾವುದು ಎಂಬುದಕ್ಕೆ ಕಂಪನಿ ಕೊಟ್ಟ ವ್ಯಾಖ್ಯೆ, ಅಂಕ 9.0 ಅಥವಾ ಅದಕ್ಕಿಂತ ಹೆಚ್ಚು ಇರುವ ದೋಷ. ಮೇಲಿನ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟರೆ ಪರಿಣಾಮ ತಾನಾಗಿಯೇ ತಿಳಿಯುತ್ತದೆ. ಲಭ್ಯತೆಯನ್ನಷ್ಟೇ ಕೆಡಿಸುವ ದೋಷ 8.6ನ್ನು ದಾಟಲಾರದು, ಉಚಿತ ಪ್ಯಾಚ್‌ನ ಬಾಗಿಲು ತೆರೆಯುವುದು 9.0ಕ್ಕೆ. ಆದ್ದರಿಂದ ಒಂದು ಗೆಸ್ಟ್ ಇಡೀ ಹೋಸ್ಟನ್ನು ಕೆಡವಬಲ್ಲ ದೋಷ ನಾಳೆ ಸಿಕ್ಕರೂ, ಅದು ಡೇಟಾವನ್ನು ಮುಟ್ಟದಿದ್ದರೆ, ಈ ಗ್ರಾಹಕರಿಗೆ ಪ್ಯಾಚ್ ಸಿಗುವ ಸಂಭವವೇ ಇಲ್ಲ. ಮೇ 20ರ 6.8 ಮತ್ತು 5.5 ಎರಡೂ ಹೊಸ್ತಿಲಿನ ಹೊರಗೇ ಉಳಿದವು. ಯಾರೋ ಕುಳಿತು ‘ಸೇವಾ ನಿರಾಕರಣೆಯ ದೋಷಗಳನ್ನು ಕೈಬಿಡೋಣ’ ಎಂದು ತೀರ್ಮಾನಿಸಿದ್ದಲ್ಲ. ತೀವ್ರತೆಯನ್ನು ಅಳೆಯಲು ಮಾಡಿದ ಸೂತ್ರವನ್ನು ಅರ್ಹತೆ ಅಳೆಯಲು ಬಳಸಿದ್ದರಿಂದ ಹೀಗಾಯಿತು. ಕಂಪನಿಗೆ ತನ್ನ ಕೆಲಸಕ್ಕೆ ಹಣ ಕೇಳುವ ಹಕ್ಕಿದೆ. ಆದರೆ ವಿನಾಯಿತಿ ಕೊಡುವುದೇ ಆದರೆ ಅಂಕದ ಬದಲು, ಗೆಸ್ಟ್‌ನಿಂದ ಹೋಸ್ಟ್‌ಗೆ ಹಾನಿ ದಾಟುತ್ತದೆಯೇ ಎಂಬ ಪ್ರಶ್ನೆಯನ್ನು ಹೊಸ್ತಿಲಾಗಿ ಇಡುವುದು ನ್ಯಾಯವಾಗಿತ್ತು.

ಮುಂದೇನಾಗಬಹುದು

ಇಎಸ್‌ಎಕ್ಸ್‌ಐ ಒಳಗೊಂಡ ವಿಸ್ಫಿಯರ್‌ನ 7ನೇ ಆವೃತ್ತಿಗೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿಯಿತು. ಹಳೆಯ ಹಾರ್ಡ್‌ವೇರ್ ಇರುವವರು, ಬಜೆಟ್ ಇಲ್ಲದವರು ಅದರಲ್ಲೇ ಉಳಿಯುತ್ತಾರೆ. ಬೆಂಬಲ ತಪ್ಪಿದ ಹೈಪರ್‌ವೈಸರ್‌ಗಳ ಅಪಾಯ ಅದರ ಮಾಲೀಕರಿಗೆ ಮಾತ್ರ ಸೀಮಿತವಲ್ಲ ಎಂಬುದನ್ನು 2023ರ ಏಪ್ರಿಲ್‌ನಲ್ಲಿ ಬಯಲಾದ, ನೆಟ್‌ವರ್ಕ್‌ನಲ್ಲಿರುವ ಸೇವೆಗಳನ್ನು ಹುಡುಕಲು ಬಳಸುವ ಎಸ್‌ಎಲ್‌ಪಿ ಎಂಬ ಪದ್ಧತಿಯ ದೋಷ ತೋರಿಸಿತ್ತು. ಬೆಂಬಲ ಮುಗಿದಿದ್ದ ಇಎಸ್‌ಎಕ್ಸ್‌ಐ 6.5, 6.7 ಆವೃತ್ತಿಗಳೂ ಸೇರಿದಂತೆ ಇಂಟರ್‌ನೆಟ್‌ಗೆ ತೆರೆದಿಟ್ಟ 54,000ಕ್ಕೂ ಹೆಚ್ಚು ಎಸ್‌ಎಲ್‌ಪಿ ಸೇವೆಗಳನ್ನು ಸಂಶೋಧಕರು ಗುರುತಿಸಿದ್ದರು. 29 ಬೈಟ್‌ಗಳ ಕೋರಿಕೆಗೆ ಸುಮಾರು 65,000 ಬೈಟ್‌ಗಳ ಉತ್ತರ ಬರುವಂತೆ ಮಾಡಿ, ಆ ಉತ್ತರವನ್ನು ಬೇರೊಬ್ಬರ ವಿಳಾಸಕ್ಕೆ ತಿರುಗಿಸಬಹುದಿತ್ತು. ಅಂದರೆ 2,200 ಪಟ್ಟು ಹಿಗ್ಗಿದ ದಾಳಿ. ತನ್ನ ಪಾಡಿಗೆ ಮೂಲೆಯಲ್ಲಿ ಓಡುತ್ತಿದ್ದ ಹಳೆಯ ಹೋಸ್ಟ್ ಇನ್ನೊಬ್ಬರ ಸೇವೆ ನಿಲ್ಲಿಸುವ ಆಯುಧವಾಗಬಹುದಿತ್ತು.

ವಿಎಂವೇರ್ ಬಿಟ್ಟು ಕೆವಿಎಂ ಆಧಾರಿತ ವ್ಯವಸ್ಥೆಗಳಿಗೆ ಹೋಗುವವರೂ ಇದ್ದಾರೆ. ಲೈಸೆನ್ಸ್ ಮತ್ತು ಪ್ಯಾಚ್ ಸಿಗುವ ವಿಷಯದಲ್ಲಿ ಅದರಿಂದ ನೆಮ್ಮದಿ ಸಿಗಬಹುದು. ದೋಷಗಳ ವಿಷಯದಲ್ಲಿ ಅಲ್ಲ; ವೆನಮ್ ಇದ್ದದ್ದು ಕ್ಯೂಎಂಯುನಲ್ಲಿ, ಪ್ರೊಸೆಸರ್‌ನ ದೋಷಗಳು ಎಲ್ಲರನ್ನೂ ಮುಟ್ಟಿದವು.

ಭಾರತದಲ್ಲಿ ಇನ್ನೊಂದು ಹೊಣೆಯೂ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್‌-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೇವಾ ನಿರಾಕರಣೆಯ ದಾಳಿಗಳನ್ನೂ, ಸರ್ವರ್ ಮತ್ತು ಕ್ಲೌಡ್ ವ್ಯವಸ್ಥೆಗಳ ಮೇಲಿನ ದಾಳಿಗಳನ್ನೂ ಗೊತ್ತಾದ 6 ಗಂಟೆಗಳೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು, ಅಂದರೆ ಯಂತ್ರದಲ್ಲಿ ನಡೆದದ್ದರ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು. ಹೋಸ್ಟ್ ತಾನಾಗಿ ಬಿದ್ದಿತೋ, ಗೆಸ್ಟ್ ಬೀಳಿಸಿತೋ ಎಂದು 6 ಗಂಟೆಯೊಳಗೆ ಹೇಳಬೇಕಾದರೆ ಹೋಸ್ಟ್‌ನ ಲಾಗ್‌ಗಳು ಹೋಸ್ಟ್‌ನಲ್ಲೇ ಇದ್ದರೆ ಸಾಲದು, ಬೇರೊಂದು ಯಂತ್ರಕ್ಕೆ ಆಗಿಂದಾಗ್ಗೆ ಹೋಗುತ್ತಿರಬೇಕು. ಯಾವ ವಿಎಂ ಯಾವ ಹೊತ್ತಿನಲ್ಲಿ ಯಾವ ಹೋಸ್ಟ್ ಮೇಲಿತ್ತು ಎಂಬ ದಾಖಲೆ ಇರಬೇಕು. ಎರಡು ಹೋಸ್ಟ್‌ಗಳು ಬೆನ್ನುಬೆನ್ನಿಗೆ ಬಿದ್ದಾಗ ಎರಡರ ಮೇಲೂ ಇದ್ದ ವಿಎಂ ಯಾವುದು ಎಂದು ಹುಡುಕಲು ಅದೊಂದೇ ಆಧಾರ, ಮತ್ತು ಆ ವಿಎಂ ಮೂರನೆಯ ಹೋಸ್ಟ್ ಮೇಲೆ ತಾನಾಗಿ ಏಳದಂತೆ ತಡೆಯಲು ಸಿಗುವ ಸಮಯ ಕೆಲವೇ ನಿಮಿಷಗಳು.